ಟ್ರೇನ್ ಬಿಪಿ

ನಮ್ಮ ಕ್ಲಿನಿಕ್ಕಿಗೆ ಸಂಜೆ ಬರುವವರೆಲ್ಲ ಓಡಿಕೊಂಡೇ ಬರುವವರು. ಮುಂಬಯಿಯ ಫಾಸ್ಟ್ ಲೋಕಲ್ ಟ್ರೇನಿನಿಂದ ಡೊಂಬಿವಲಿಯಲ್ಲಿ ಇಳಿದು, ಸೇತುವೆಯ ಮೇಲೆ ನೂಕಿಸಿಕೊಂಡು, ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬಂದು, ಸರಿಯಾಗಿ ಕೂರುವ ಮೊದಲೇ ತೋಳು ಚಾಚುತ್ತಾರೆ. "ತಾಈ, ಲವ್‌ಕರ್ ಬಘಾ." ಬೇಗ ನೋಡಬೇಕಂತೆ. ಇವರಿಗೆ ರಿಕ್ಷಾದ ಲೈನಿನಲ್ಲಿ ಅರ್ಧ ಗಂಟೆ ನಿಲ್ಲಲು ಪುರುಸೊತ್ತು ಉಂಟು, ನನ್ನ ಎದುರು ಐದು ನಿಮಿಷ ಕೂರಲು ಇಲ್ಲ.

ಆ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ಬಿಪಿ ನೋಡುವವಳು ನಾನು, ಜಯಲತಾ. ನರ್ಸ್ ಅಲ್ಲ. ಉಡುಪಿಯಲ್ಲಿ ಬಿ.ಕಾಂ. ಮಾಡಿ, ಮದುವೆಯಾಗಿ ಇಲ್ಲಿಗೆ ಬಂದವಳು. ಡಾಕ್ಟರ್ ವಸಂತಕುಮಾರರು ನಮ್ಮ ಕಡೆಯವರೇ ಆದ್ದರಿಂದ ಕ್ಲಿನಿಕ್ಕಿನಲ್ಲಿ ಇಟ್ಟುಕೊಂಡರು, ಬಿಪಿ ನೋಡುವುದನ್ನು ಕೈಹಿಡಿದು ಕಲಿಸಿದರು. ಹತ್ತೊಂಬತ್ತು ವರ್ಷ ಆಯಿತು.

ಕಲಿಸುವಾಗ ಅವರು ಹೇಳಿದ್ದು ಒಂದೇ ಮಾತು. "ಟ್ರೇನ್ ಇಳಿದು ಬಂದವರನ್ನು ಇಪ್ಪತ್ತು ನಿಮಿಷ ಫ್ಯಾನಿನಡಿ ಕೂರಿಸಿಯೇ ನೋಡು. ಇಲ್ಲದಿದ್ದರೆ ಇಡೀ ಡೊಂಬಿವಲಿಗೇ ಬಿಪಿ ಉಂಟು ಅಂತ ಆಗ್ತದೆ." ಸರಿ ಅಂದೆ. ಆದರೆ ಯಾರು ಕೂರುತ್ತಾರೆ? ಒಬ್ಬರಿಗೆ ಹಾಲು ತರಬೇಕು, ಇನ್ನೊಬ್ಬರಿಗೆ ಮಗುವನ್ನು ಟ್ಯೂಷನ್ನಿನಿಂದ ಕರೆತರಬೇಕು. ಮೊದಲ ವರ್ಷ ಎಲ್ಲರೊಡನೆ ಜಗಳವಾಡಿದೆ. ಎರಡನೆಯ ವರ್ಷ ಸುಲಭದ ದಾರಿ ಕಂಡುಕೊಂಡೆ. ಇಪ್ಪತ್ತು ನಿಮಿಷ ಕೂರಿಸುವ ಬದಲು, ಬಂದ ಅಂಕಿಯಲ್ಲಿ ಮೇಲಿನದಕ್ಕೆ ಇಪ್ಪತ್ತು, ಕೆಳಗಿನದಕ್ಕೆ ಹತ್ತು ಕಳೆದು ಬರೆಯತೊಡಗಿದೆ. ಅದಕ್ಕೆ ಟ್ರೇನ್ ಬಿಪಿ ಎಂದು ಹೆಸರೂ ಇಟ್ಟೆ. ಪೇಷಂಟುಗಳಿಗೆ ಖುಷಿಯೋ ಖುಷಿ. "ತಾಈ, ಟ್ರೇನ್‌ಚ ಬಿಪಿ ವಜಾ ಕರಾ ಹಾ" ಎಂದು ಕಳೆಯಲು ಅವರೇ ನೆನಪಿಸುತ್ತಿದ್ದರು. ಡಾಕ್ಟರರೂ ಒಳಗಿನಿಂದ ಕೇಳಿ ನಗುತ್ತಿದ್ದರು.

ಈ ಕಳೆಯುವ ವಿಷಯವನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಆಮೇಲೆ ಹೇಳಿದರೆ ನೆಪ ಹೇಳಿದ ಹಾಗೆ ಆಗುತ್ತದೆ.

ನನ್ನ ಗಂಡ ಪ್ರೇಮನಾಥರಿಗೆ ಮೈತುಂಬ ಗಂಟುಗಳು. ಬೆನ್ನು, ಹೊಟ್ಟೆ, ತೋಳು ಎಲ್ಲ ಕಡೆ, ಕಡಲೆಕಾಳಿನಷ್ಟು ಕೆಲವು, ನೆಲ್ಲಿಕಾಯಿಯಷ್ಟು ಕೆಲವು, ಮೆತ್ತಗೆ. ನೋವಿಲ್ಲ, ಅಂಟುವುದಿಲ್ಲ. ಅವರು ಕಲ್ಯಾಣದ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಮೇ ತಿಂಗಳ ಬೆವರಿನಲ್ಲೂ ತುಂಬುತೋಳಿನ ಅಂಗಿ, ಮಣಿಕಟ್ಟಿನ ಗುಂಡಿ ಹಾಕಿಯೇ ಇರುತ್ತದೆ. ಊರಿನವರು ನಾಗದೋಷ ಎಂದರು, ಆಶ್ಲೇಷಾ ಬಲಿ ಮಾಡಿಸಿದೆವು, ಗಂಟು ಅಲ್ಲೇ ಇತ್ತು. ಮಗ ಪೃಥ್ವಿರಾಜ್ ಹುಟ್ಟಿದಾಗ ಅವನ ಬೆನ್ನಿನ ಮೇಲೆ ಹಾಲು ಹಾಕಿದ ಕಾಫಿಯ ಬಣ್ಣದ ಮಚ್ಚೆಗಳಿದ್ದವು. ಎಂಟಿದ್ದವು, ನಾನು ಎಣಿಸಿದ್ದೆ.

ಹುಡುಗನಿಗೆ ಹನ್ನೆರಡು ವರ್ಷವಾದಾಗ ಕಲ್ಯಾಣದಲ್ಲಿ ಒಬ್ಬ ಚರ್ಮದ ಡಾಕ್ಟರಿಗೆ ತೋರಿಸಿದೆವು. ನರಗಳ ಮೇಲೆ ಗಂಟು ಬೆಳೆಯುವ ಕಾಯಿಲೆ, ಅಪ್ಪನಿಂದ ಬಂದದ್ದು, ನ್ಯೂರೋಫೈಬ್ರೊಮಾಟೋಸಿಸ್ ಎಂದು ಹೆಸರು ಹೇಳಿ ಚೀಟಿಯಲ್ಲಿ ಬರೆದುಕೊಟ್ಟ. ಕೆಳಗೆ ಇನ್ನೊಂದು ಸಾಲು: ವರ್ಷಕ್ಕೊಮ್ಮೆ ಕಣ್ಣು ಮತ್ತು ಬಿಪಿ ನೋಡಿಸಿ. ಬಿಪಿ ಯಾಕೆ ಎಂದು ನಾನು ಕೇಳಲಿಲ್ಲ. ಅದೇ ನನ್ನ ಕೆಲಸವಲ್ಲವೇ, ನೋಡಿದರಾಯಿತು ಎಂದುಕೊಂಡೆ.

ನೋಡಿದೆ. ಯಾವ ತಾಯಿಯೂ ನನ್ನಷ್ಟು ಸರಿಯಾಗಿ ನೋಡಿರಲಿಕ್ಕಿಲ್ಲ. ಪ್ರತಿ ವರ್ಷ ಮಾರ್ಚಿನಲ್ಲಿ, ಕ್ಲಿನಿಕ್ಕಿನಲ್ಲೇ ಕೂರಿಸಿ, ಹಸಿರು ಪ್ಲಾಸ್ಟಿಕ್ ಫೈಲಿನಲ್ಲಿ ಬರೆದಿಟ್ಟೆ. ಹದಿನೇಳನೆಯ ವಯಸ್ಸಿನವರೆಗೆ ಎಲ್ಲ ಸರಿಯಿತ್ತು. ಹದಿನೆಂಟರಲ್ಲಿ ನೂರ ನಲವತ್ತೆಂಟು, ತೊಂಬತ್ತೆರಡು ಬಂತು. ಠಾಣೆಯ ಕಾಲೇಜಿನಿಂದ ಆಗಷ್ಟೇ ಬಂದಿದ್ದ, ಬೆವರಿದ್ದ. ಟ್ರೇನ್ ಬಿಪಿ. ಕಳೆದೆ. ನೂರ ಇಪ್ಪತ್ತೆಂಟು, ಎಂಬತ್ತೆರಡು ಎಂದು ಬರೆದೆ. ಮುಂದಿನ ವರ್ಷವೂ ಹಾಗೆಯೇ. ಅದರ ಮುಂದಿನ ವರ್ಷ ಇನ್ನೂ ಸ್ವಲ್ಪ ಹೆಚ್ಚಿತ್ತು, ಆದರೆ ಅಂದು ಅವನು ಮೆಟ್ಟಿಲನ್ನೂ ಓಡಿ ಹತ್ತಿದ್ದ. ಕೆಲಸಕ್ಕೆ ಸೇರುವಾಗ ಕಂಪನಿಗೆ ಸರ್ಟಿಫಿಕೇಟು ಬೇಕಿತ್ತು. ಆ ದಿನ ನೂರ ಅರವತ್ತು, ನೂರ ನಾಲ್ಕು. ಇಪ್ಪತ್ತು ಕಳೆದರೆ ಸಾಲದು. ಮೇಲಿನದಕ್ಕೆ ಮೂವತ್ತೆರಡು, ಕೆಳಗಿನದಕ್ಕೆ ಇಪ್ಪತ್ತೆರಡು ಕಳೆದೆ. ಫೈಲಿನಲ್ಲಿ ಮತ್ತೆ ನೂರ ಇಪ್ಪತ್ತೆಂಟು, ಎಂಬತ್ತೆರಡು.

ಮೂವತ್ತೆರಡು ಕಳೆಯುವಾಗ ನನಗೆ ಗೊತ್ತಿತ್ತು. ಇದನ್ನು ಯಾರೂ ನನ್ನಿಂದ ಹೇಳಿಸಬೇಕಾಗಿಲ್ಲ. ಯಾವ ಟ್ರೇನೂ ಮೂವತ್ತೆರಡು ಏರಿಸುವುದಿಲ್ಲ. ಹುಡುಗನಿಗೆ ಮೊದಲ ಕೆಲಸ, ನವಿ ಮುಂಬಯಿಯ ಐರೋಲಿಯಲ್ಲಿ, ಅಪ್ಪನ ಹಾಗೆ ಜೀವಮಾನವಿಡೀ ಅಂಗಿಯೊಳಗೆ ಅಡಗಿ ಕೂರುವುದು ಬೇಡ ಎಂದು ಇತ್ತು. ಸೇರಿದ ಮೇಲೆ ಸರಿಯಾಗಿ ತೋರಿಸಿದರಾಯಿತು ಅಂದುಕೊಂಡೆ. ಸೇರಿದ. ನಾನು ತೋರಿಸಲಿಲ್ಲ, ಮಾರ್ಚ್ ಬಂದಾಗೆಲ್ಲ ಕಳೆಯುತ್ತಲೇ ಹೋದೆ. ಹೆದರಿಕೆ, ಮತ್ತೆಂಥದು!

ಅದು ಎರಡು ವರ್ಷದ ಹಿಂದಿನ ಮಾತು. ಈ ಸೆಪ್ಟೆಂಬರಿನ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅವನ ಆಫೀಸಿನ ತರುಣ್ ಫೋನ್ ಮಾಡಿದ. ಪೃಥ್ವಿಗೆ ಕಂಪ್ಯೂಟರಿನ ಪರದೆಯ ಅರ್ಧ ಭಾಗ ಕಾಣಿಸುತ್ತಿಲ್ಲವಂತೆ, ತಲೆ ಸಿಡಿಯುತ್ತಿದೆಯಂತೆ, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದೇವೆ, ಬಿಪಿ ಇನ್ನೂರ ಹದಿನಾರು ಉಂಟು ಎಂದು ಹೇಳಿದ. ನಾನು "ಆಯ್ತು" ಎಂದೆ. ಎದುರಿದ್ದ ಪೇಷಂಟಿನ ತೋಳಿನ ಪಟ್ಟಿ ಬಿಚ್ಚಿದೆ, ಬರೆದೆ, ಮುಂದಿನವರನ್ನು ಕೂರಲು ಹೇಳಿದೆ, ಅವರದನ್ನೂ ನೋಡಿದೆ. ಆಮೇಲೆ ಎದ್ದೆ. ನನ್ನೊಳಗೆ ಏನೂ ಅಲುಗಾಡಲಿಲ್ಲ. ಮನೆಗೆ ಹೋಗಿ ಹಸಿರು ಫೈಲು ತೆಗೆದುಕೊಂಡೆ.

ಗಂಡ ಕಲ್ಯಾಣದಿಂದ ಬಂದರು. ಠಾಣೆಯಲ್ಲಿ ಇಬ್ಬರೂ ಸೇರಿಕೊಂಡು ಐರೋಲಿಯ ಗಾಡಿ ಹತ್ತಿದೆವು. ದಾರಿಯುದ್ದಕ್ಕೂ ಅವರು "ಎಂತ ಆಗಿರಬಹುದು? ಎಂತ ಆಗಿರಬಹುದು?" ಎಂದು ಕೇಳುತ್ತಲೇ ಇದ್ದರು. "ನಾನೆಂತ ಡಾಕ್ಟ್ರಾ? ಸುಮ್ನಿರಿ ಒಮ್ಮೆ" ಎಂದು ರೇಗಿದೆ. ಪಾಪ, ಸುಮ್ಮನಾದರು. ನನಗೆ ಅಳು ಬರಲಿಲ್ಲ, ಹಸಿವಾಯಿತು. ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್ ತಿಂದೇ ಆಸ್ಪತ್ರೆಗೆ ಹೋದೆ. ಇದನ್ನು ನೆನೆಸಿದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಲ್ಲಿನ ಡಾಕ್ಟರು ವೇದಾ ಎಂಬ ಮೂವತ್ತೈದರ ಹುಡುಗಿ, ಮೈಸೂರಿನವಳು. ನಾವು ಕನ್ನಡದವರೆಂದು ತಿಳಿದು ಮುಖ ಅರಳಿಸಿದಳು. ಪೃಥ್ವಿ ಮಲಗಿದ್ದ. ಔಷಧಿಯ ನಳಿಗೆ, ಬೆರಳಿಗೆ ಕ್ಲಿಪ್ಪು. ಕಣ್ಣು ಸರಿಯಾಗಿತ್ತು, ತಲೆನೋವು ಇಳಿದಿತ್ತು. ನಮ್ಮನ್ನು ಕಂಡು "ಕ್ಯಾ ಯಾರ್, ಪೂರಾ ಖಾನ್‌ದಾನ್ ಆ ಗಯಾ" ಎಂದ. ಇಡೀ ವಂಶವೇ ಬಂತಲ್ಲ ಎಂದು ತಮಾಷೆ. ಇಲ್ಲಿ ಹುಟ್ಟಿದವನು, ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಮಾತ್ರ ಹಿಂದಿ.

ನಾನು ಫೈಲು ಕೊಟ್ಟೆ. ಯಾಕೆ ಕೊಟ್ಟೆ ಎಂದರೆ ಕೈಯಲ್ಲಿತ್ತು, ಕೊಟ್ಟೆ.

"ಅಯ್ಯೋ, ಎಷ್ಟು ನೀಟಾಗಿ ಇಟ್ಕೊಂಡಿದೀರ ಆಂಟಿ! ಎಲ್ಲ ಪೇಷಂಟ್ಸೂ ಹೀಗಿದ್ರೆ ನಮ್ಮ ಕೆಲಸ ಎಷ್ಟು ಸುಲಭ ಆಗೋದು" ಎಂದಳು ವೇದಾ. ಹಾಳೆ ತಿರುವಿದಳು. "ಈ ಮಾರ್ಚ್‌ವರೆಗೂ ನಾರ್ಮಲ್. ಅಂದ್ರೆ ಆರು ತಿಂಗಳಲ್ಲಿ ಸಡನ್ನಾಗಿ ಬಂದಿರೋದು."

ಅವಳು ಬಿಡಿಸಿ ಹೇಳಿದ್ದು ಇಷ್ಟು. ಈ ಕಾಯಿಲೆ ಚರ್ಮಕ್ಕೆ ಮಾತ್ರ ಅಲ್ಲ. ಕೆಲವರಿಗೆ ಕಿಡ್ನಿಯ ಮೇಲಿನ ಒಂದು ಗ್ರಂಥಿಯಲ್ಲಿ ಗಡ್ಡೆಯಾಗಿ ಬಿಪಿ ತಟ್ಟನೆ ಏರುತ್ತದೆ. ಇನ್ನು ಕೆಲವರಿಗೆ ರಕ್ತನಾಳದ ಗೋಡೆಯೇ ಒಳಗೆ ದಪ್ಪಗಾಗುತ್ತಾ ದಾರಿ ಕಿರಿದಾಗುತ್ತದೆ, ಕಿಡ್ನಿಗೆ ಹೋಗುವ ನಾಳದಲ್ಲಿ ಹಾಗಾದರೆ ಬಿಪಿ ವರ್ಷಗಟ್ಟಲೆ ಮೆಲ್ಲಗೆ ಏರುತ್ತಾ ಹೋಗುತ್ತದೆ. "ಇವನಿಗೆ ತಟ್ಟನೆ ಬಂದಿದೆಯಲ್ಲ, ಅದಕ್ಕೆ ಮೊದಲು ಗಡ್ಡೆ ಹುಡುಕ್ತೀವಿ. ಮೂತ್ರದ ಟೆಸ್ಟು, ರಿಪೋರ್ಟಿಗೆ ಐದಾರು ದಿನ. ಸೋನೋಗ್ರಫಿಯಲ್ಲಿ ಬಲಗಡೆ ಕಿಡ್ನಿ ಚಿಕ್ಕದು ಕಾಣ್ತಿದೆ, ಅದು ಹುಟ್ಟಿನಿಂದ್ಲೇ ಇರ್ಬಹುದು. ಕಿಡ್ನಿ ಸ್ವಲ್ಪ ಸುಸ್ತಾಗಿದೆ, ಈಗಲೇ ಡೈ ಹಾಕಿ ನಾಳದ ಸ್ಕ್ಯಾನ್ ಮಾಡೋದು ಬೇಡ. ಮಾತ್ರೆ ಕೊಟ್ಟು ಗುರುವಾರ ಮನೆಗೆ ಕಳಿಸ್ತೀನಿ."

ತಟ್ಟನೆ ಬಂದದ್ದಲ್ಲ ಎಂದು ನನ್ನ ನಾಲಗೆಯ ತುದಿಯಲ್ಲಿತ್ತು. ಆ ಹುಡುಗಿ ನನ್ನ ಅಕ್ಷರವನ್ನು ನಂಬಿ ನನ್ನ ಮಗನ ದೇಹದಲ್ಲಿ ತಪ್ಪು ಕಡೆ ಹುಡುಕುತ್ತಿದ್ದಳು. ನಾನು "ಥ್ಯಾಂಕ್ಸ್ ಡಾಕ್ಟ್ರೇ" ಎಂದೆ. ಎರಡು ದಿನ ಹೀಗೆಯೇ ಕಳೆಯಿತು. ಮನೆಯಿಂದ ಇಡ್ಲಿ ಮಾಡಿ ತಂದೆ, ಅವನ ಟವೆಲ್ಲು ಒಗೆದೆ, ನರ್ಸಿನೊಡನೆ ಹಾಸಿಗೆಯ ಬಟ್ಟೆಗಾಗಿ ಜಗಳವಾಡಿದೆ. ಹೇಳಿದರೆ ನನ್ನ ಕೆಲಸ ಹೋದೀತು, ಡಾಕ್ಟರ್ ವಸಂತಕುಮಾರರ ಹೆಸರು ಕೆಟ್ಟೀತು, ಇದೆಲ್ಲ ಇತ್ತು. ಆದರೆ ನಿಜವಾಗಿ ಹೆದರಿದ್ದು ಒಂದಕ್ಕೇ. ಪೃಥ್ವಿ ಅಲ್ಲೇ ಮಲಗಿ ಕೇಳಿಸಿಕೊಳ್ಳುತ್ತಾನಲ್ಲ!

ಗುರುವಾರ ಬೆಳಿಗ್ಗೆ ಮನೆಗೆ ಹೋಗುವ ಚೀಟಿ ಬರೆಯುತ್ತಾ ವೇದಾ ನನ್ನ ಗಂಡನ ಕಡೆ ತಿರುಗಿದಳು. "ಅಂಕಲ್, ಇವನಿಗೆ ನಿಮ್ಮಿಂದ್ಲೇ ಬಂದಿರೋದಲ್ವಾ? ನಿಮ್ಮ ಬಿಪಿನೂ ಒಂದ್ಸಲ ನೋಡ್ಲಾ? ತೋಳು ಕೊಡಿ."

ವಾರ್ಡಿನಲ್ಲಿ ಆರು ಹಾಸಿಗೆ, ಒಂದೊಂದರ ಸುತ್ತ ನಾಲ್ಕು ನಾಲ್ಕು ಜನ. ಮೂವತ್ತು ವರ್ಷದಲ್ಲಿ ಈ ಮನುಷ್ಯ ನನ್ನೆದುರಿನ ಹೊರತು ಯಾರೆದುರೂ ತೋಳು ತೋರಿಸಿದವರಲ್ಲ. ನಾನು ಬಿಪಿ ನೋಡುವುದಾದರೂ ಮನೆಯಲ್ಲಿ, ಬಾಗಿಲು ಹಾಕಿದ ಮೇಲೆ. "ಅಂಗಿಯ ಮೇಲಿಂದಲೇ ನೋಡಿ ಡಾಕ್ಟ್ರೇ" ಎನ್ನುತ್ತಾರೆ ಎಂದುಕೊಂಡೆ. ಅವರು ಮಗನನ್ನು ಒಮ್ಮೆ ನೋಡಿದರು. ಮಣಿಕಟ್ಟಿನ ಗುಂಡಿ ಬಿಚ್ಚಿದರು. ತೋಳನ್ನು ಭುಜದವರೆಗೂ ಮಡಚಿದರು. ಪಕ್ಕದ ಹಾಸಿಗೆಯ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು, ನಾನು ನೋಡಿದೆ, ಅವರೂ ನೋಡಿದರು. ಆದರೂ ತೋಳು ಹಿಂದೆ ತೆಗೆಯಲಿಲ್ಲ.

"ನೂರಾ ಮೂವತ್ತು, ಎಂಬತ್ತು. ನಿಮ್ಮದು ಚೆನ್ನಾಗಿದೆ" ಎಂದಳು ವೇದಾ.

"ಸರಿಯಾಗಿ ಬರೆದುಕೊಳ್ಳಿ. ಹುಡುಗನಿಗೆ ಉಪಯೋಗ ಆಗ್ತದಾದ್ರೆ ಪೂರ್ತಿ ಅಂಗಿಯೇ ತೆಗಿತೇನೆ, ನಂದೇನಿಲ್ಲ" ಎಂದರು ಅವರು.

ಆಗ ನಾನು ಮಾತಾಡಿದೆ. ಧೈರ್ಯ ಬಂತು ಎಂದಲ್ಲ. ಆ ತೆರೆದ ತೋಳಿನ ಪಕ್ಕದಲ್ಲಿ ಸುಮ್ಮನೆ ನಿಂತಿರಲು ಆಗಲಿಲ್ಲ.

"ಡಾಕ್ಟ್ರೇ, ಆ ಫೈಲು ಸುಳ್ಳು."

ವೇದಾ ತಲೆಯೆತ್ತಿದಳು.

"ನಾನೇ ಬರ್ದದ್ದು. ನಾನೇ ಕಮ್ಮಿ ಮಾಡಿ ಬರ್ದದ್ದು. ಮೊದ್ಲು ಟ್ರೇನಿಂದ ಬಂದಿದ್ದಾನೆ ಅಂತ ಇಪ್ಪತ್ತು ಕಳೀತಿದ್ದೆ. ಆಮೇಲೆ ಮೂವತ್ತೆರಡು. ಈ ಮಾರ್ಚಿನಲ್ಲಿ ನೂರ ಎಪ್ಪತ್ತು ಇತ್ತು. ಎಷ್ಟು ಕಳೆದೆ ಅಂತ ನೀವೇ ಲೆಕ್ಕ ಹಾಕಿ."

"ಎಷ್ಟು ವರ್ಷದಿಂದ ಆಂಟಿ?"

"ಆರು."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬರೆಯುತ್ತಿದ್ದ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡಳು, ಅಲ್ಲಿಂದಲೇ ಸ್ಕ್ಯಾನಿನ ವಿಭಾಗಕ್ಕೆ ಫೋನ್ ಮಾಡಿದಳು. "ಇವತ್ತೇ ಬೇಕು, ಕಿಡ್ನಿಯ ನಾಳ, ಮಹಾನಾಳ, ತಲೆಯದೂ" ಎಂದು ಇಂಗ್ಲಿಷಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು. ಗಂಡ ಮಡಚಿದ ತೋಳನ್ನು ಇಳಿಸುವುದನ್ನೇ ಮರೆತು ನನ್ನನ್ನು ನೋಡುತ್ತಿದ್ದರು.

ಪೃಥ್ವಿ ಛಾವಣಿಯ ಕಡೆ ನೋಡುತ್ತಾ ಒಂದೇ ಮಾತು ಕೇಳಿದ. "ಬತ್ತೀಸ್ ಮೈನಸ್ ಕಿಯಾ?"

"ಹೌದು ಮಗ, ಮೂವತ್ತೆರಡು ಕಳೆದೆ."

ನಾನು ತಂದಿದ್ದ ಇಡ್ಲಿಯನ್ನು ತಿಂದ, ಡಬ್ಬಿಯ ಮುಚ್ಚಳ ಹಾಕಿಟ್ಟ.

ಸಂಜೆ ವೇದಾ ಚಿತ್ರ ತೋರಿಸಿದಳು. ಮಧ್ಯದಲ್ಲಿ ದೊಡ್ಡ ನಾಳ, ಎರಡು ಕಡೆ ಕಿಡ್ನಿಗೆ ಹೋಗುವ ಕವಲು. ಬಲಗಡೆಯ ಕವಲು ಹುಟ್ಟುವಲ್ಲೇ ನೂಲಿನಷ್ಟು. ಅದರ ತುದಿಯ ಕಿಡ್ನಿ ಎಡಗಡೆಯದರ ಅರ್ಧದಷ್ಟು. ಹುಟ್ಟಿನಿಂದ ಚಿಕ್ಕದಲ್ಲ, ವರ್ಷಗಟ್ಟಲೆ ಸರಿಯಾಗಿ ರಕ್ತ ಸಿಗದೆ ಬತ್ತಿದ್ದು. ಎಡಗಡೆಯ ಕವಲೂ ಕಿರಿದಾಗತೊಡಗಿತ್ತು. ತಲೆಯ ನಾಳಗಳು ಸರಿಯಾಗಿದ್ದವು. ಎಡಗಡೆಯದನ್ನು ಬಲೂನ್ ಹಾಕಿ ಅಗಲ ಮಾಡಬಹುದು ಎಂದಳು. ಬಲಗಡೆಯದರಲ್ಲಿ ಉಳಿದಿರುವುದು ಹೆಚ್ಚೇನಿಲ್ಲ.

"ಕೆಲಸಕ್ಕೆ ಸೇರುವಾಗ, ಎರಡು ವರ್ಷದ ಹಿಂದೆ ಬಂದಿದ್ದರೆ ಬಲಗಡೆಯದು ಉಳೀತಿತ್ತಾ?" ಎಂದು ನಾನೇ ಕೇಳಿದೆ.

"ಗ್ಯಾರಂಟಿ ಹೇಳಕ್ಕಾಗಲ್ಲ ಆಂಟಿ." ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತಿರುವಿದಳು. "ಪ್ರಯತ್ನ ಮಾಡಬಹುದಿತ್ತು."

ಶನಿವಾರ ಬಲೂನ್ ಹಾಕಿದರು. ತೊಡೆಯ ಹತ್ತಿರದಿಂದ ತಂತಿ ಒಳಗೆ ಬಿಟ್ಟು ಮಾಡುವುದು, ಎರಡು ಗಂಟೆ ಹಿಡಿಯಿತು. ಎಡಗಡೆ ಉಳಿಯಿತು. ಮನೆಗೆ ಕಳಿಸುವಾಗ ವೇದಾ ಮೂರು ಸಲ ಒಂದೇ ಮಾತು ಹೇಳಿದಳು. ಈ ಕಾಯಿಲೆಯವರಲ್ಲಿ ತೆರೆದ ನಾಳ ಮತ್ತೆ ಮುಚ್ಚಿಕೊಳ್ಳುವುದುಂಟು. ಇವನಿಗೆ ಇರುವುದು ಒಂದೇ ಒಳ್ಳೆಯ ಕಿಡ್ನಿ. ದಿನಾ ಬಿಪಿ ನೋಡಬೇಕು, ನೂರ ನಲವತ್ತು ದಾಟಿದರೆ ಅದೇ ದಿನ ಫೋನ್ ಮಾಡಬೇಕು, ನಾಳೆ ನೋಡೋಣ ಎನ್ನಬಾರದು.

ಕ್ಲಿನಿಕ್ಕಿಗೆ ಹೋಗಿ ಡಾಕ್ಟರ್ ವಸಂತಕುಮಾರರಿಗೆ ಎಲ್ಲ ಹೇಳಿ, ಕೆಲಸ ಬಿಡುತ್ತೇನೆ ಎಂದೆ. ಎಪ್ಪತ್ತೊಂದರ ಮುದುಕರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಹೇಳಿದ್ದು ಇಪ್ಪತ್ತು ನಿಮಿಷ ಜಯಲತಾ, ಇಪ್ಪತ್ತು ಅಂಕಿ ಅಲ್ಲ" ಎಂದರು. ಆಮೇಲೆ, "ನೀನು ಎಂತ ಮಾಡ್ತಿದ್ದಿ ಅಂತ ನಂಗೂ ಗೊತ್ತಿತ್ತು. ನಗಾಡ್ತಾ ಕೂತಿದ್ದೆ. ನೀನು ಬಿಟ್ಟು ಹೋದ್ರೆ ನಾನೆಲ್ಲಿ ಹೋಗ್ಲಿ?" ಇಬ್ಬರೂ ಕೂತು ಹಳೆಯ ರಿಜಿಸ್ಟರುಗಳನ್ನು ತೆಗೆದೆವು. ನಲವತ್ತರ ಒಳಗಿನವರಿಗೆಲ್ಲ ಫೋನ್ ಮಾಡಿ ಮತ್ತೊಮ್ಮೆ ಬರಹೇಳಿದೆವು. ಕೆಲವರು ಬಂದರು. ಈಗ ಗೋಡೆಯ ಮೇಲೆ ಬೋರ್ಡುಂಟು, ಇಪ್ಪತ್ತು ನಿಮಿಷ ಕೂರದೆ ಬಿಪಿ ಇಲ್ಲ. ಮೊನ್ನೆ ಒಬ್ಬ "ಕ್ಯಾ ತಾಈ, ಟ್ರೇನ್ ಕಾ ಡಿಸ್ಕೌಂಟ್ ಬಂದ್?" ಎಂದು ನಕ್ಕ. ಕೂತ್ಕೊಳ್ತೀಯೋ ಹೊರಗೆ ಹೋಗ್ತೀಯೋ ಎಂದು ಕನ್ನಡದಲ್ಲೇ ಕಿರುಚಿದೆ. ಭಾಷೆ ಬರದಿದ್ದರೂ ಕೂತ.

ಮನೆಯಲ್ಲಿ ಹಾಗೆ ಕಿರುಚಲು ಆಗುತ್ತಿರಲಿಲ್ಲ. ಪೃಥ್ವಿ ಬಟನ್ ಒತ್ತಿದರೆ ತಾನೇ ಗಾಳಿ ತುಂಬಿಕೊಳ್ಳುವ ಒಂದು ಮೆಷಿನ್ ತಂದಿದ್ದ. ದಿನಾ ಸಂಜೆ ಆಫೀಸಿನಿಂದ ಬಂದು, ನನಗೆ ಬೆನ್ನು ಹಾಕಿ ಕುಳಿತು, ತಾನೇ ಪಟ್ಟಿ ಸುತ್ತಿಕೊಂಡು ನೋಡಿ, ಅಂಕಿ ಹೇಳುತ್ತಿದ್ದ. ನಾನು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ನನ್ನನ್ನು ಬೈಯಲಿಲ್ಲ, ಮಾತು ಬಿಡಲಿಲ್ಲ, ನೀರು ಕೇಳುತ್ತಿದ್ದ, ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದ. ತೋಳು ಮಾತ್ರ ನನ್ನ ಕೈಗೆ ಕೊಡಲಿಲ್ಲ. ನನಗೂ ಏನೂ ಅನಿಸುತ್ತಿರಲಿಲ್ಲ. ಬೆಳಿಗ್ಗೆ ಏಳುವುದು, ಕುಕ್ಕರ್ ಇಡುವುದು, ಕ್ಲಿನಿಕ್ಕು, ಸಂಜೆ ಅಂಕಿ. ಮೂರು ತಿಂಗಳು ಹೀಗೆ ನಡೆಯಿತು. ನೂರ ಮೂವತ್ತು, ನೂರ ಇಪ್ಪತ್ತಾರು, ನೂರ ಮೂವತ್ತೆರಡು.

ಕಳೆದ ಬುಧವಾರ ಬೇಗ ಬಂದ, ಏಳು ಗಂಟೆಗೇ. ಚಪ್ಪಲಿ ಬಿಟ್ಟು ನೇರ ಮೆಷಿನಿನ ಎದುರು ಕೂತ. ಗಂಡ ಅಂದು ರಜೆ, ಸೋಫಾದಲ್ಲಿ ಟಿವಿ ನೋಡುತ್ತಿದ್ದರು. ಮೆಷಿನ್ ಗುರ್ರೆಂದಿತು, ನಿಂತಿತು. ನಾನು ಪೆನ್ನು ಹಿಡಿದು ಕಾದೆ.

"ಎಷ್ಟು?"

"ಏಕ್ ಸೌ ಅಟ್ಠಾಯೀಸ್, ಬಯಾಸೀ."

ನೂರ ಇಪ್ಪತ್ತೆಂಟು, ಎಂಬತ್ತೆರಡು. ಪೆನ್ನು ಕ್ಯಾಲೆಂಡರಿನ ಮೇಲೆ ನಿಂತಿತು. ಆ ಅಂಕಿ ನನ್ನದು. ಆರು ವರ್ಷ ನಾನೇ ಬರೆದದ್ದು. ಈ ಮೂರು ತಿಂಗಳಲ್ಲಿ ಒಂದು ದಿನವೂ ಅದು ಬಂದಿರಲಿಲ್ಲ.

ಎದ್ದು ಹೋಗಿ ಮೆಷಿನನ್ನು ನನ್ನ ಕಡೆ ತಿರುಗಿಸಿದೆ. ಅವನು ಪರದೆಯನ್ನು ಆರಿಸಿದ್ದ. ಹಿಂದಿನ ಅಂಕಿ ತೋರಿಸುವ ಬಟನ್ ಒತ್ತಿದೆ. ನೂರ ಐವತ್ತಾರು, ನೂರು.

"ಅಭೀ ತೋ ಉತರಾ ಹೂಂ" ಎಂದ, ನನ್ನ ಮುಖ ನೋಡದೆ. "ಭಾಗ್ ಕೇ ಆಯಾ. ಟ್ರೇನ್ ಬಿಪಿ ಹೈ, ಅಮ್ಮ. ಬೀಸ್ ಮೈನಸ್ ಕರೋ."

ಈಗಷ್ಟೇ ಇಳಿದು ಓಡಿ ಬಂದನಂತೆ, ಇಪ್ಪತ್ತು ಕಳೆಯಬೇಕಂತೆ. ಚುಚ್ಚಲು ಹೇಳಿದ್ದಲ್ಲ ಅದು. ಹಾಗೆ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನಿಜವಾಗಿಯೂ ಕಳೆಯಲಿ ಎಂದೇ ಕೇಳುತ್ತಿದ್ದ, ನಾನು ಕಳೆದರೆ ಅದು ಕಡಿಮೆಯಾಗುತ್ತದೆ ಎಂಬ ಹಾಗೆ. ಮೂರು ತಿಂಗಳಿಂದ ಮರಗಟ್ಟಿದ್ದ ನನ್ನೊಳಗೆ ಭಯ ಒಮ್ಮೆಲೇ ನುಗ್ಗಿತು, ಅವನ ಪಕ್ಕದ ಕುರ್ಚಿಯಲ್ಲೇ ಕೂತುಬಿಟ್ಟೆ.

"ಇಪ್ಪತ್ತು ನಿಮಿಷ ಕೂತ್ಕೋ. ಮತ್ತೊಮ್ಮೆ ನೋಡುವ" ಎಂದೆ. ಗಂಡನಿಗೆ ಟಿವಿ ಆರಿಸಲು ಹೇಳಿದೆ. ಫ್ಯಾನು ಹಾಕಿದೆ. ಮೂವರೂ ಗಡಿಯಾರ ನೋಡುತ್ತಾ ಕೂತೆವು. ಕೆಳಗೆ ತರಕಾರಿಯವನು ಕೂಗುತ್ತಿದ್ದ. ಇಪ್ಪತ್ತು ನಿಮಿಷ ಎಂದರೆ ಎಷ್ಟು ಹೊತ್ತು ಎಂದು ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೂತು ನೋಡಿರಲಿಲ್ಲ.

ಆಮೇಲೆ ನಾನು ಕೈ ಚಾಚಿದೆ. ಅವನು ಪಟ್ಟಿಯನ್ನು ನನ್ನ ಕಡೆ ಸರಿಸಿದ. ಮತ್ತೆ ತೋಳು ಕೊಟ್ಟ. ಅಂಗಿಯ ತೋಳು ಮೇಲೇರಿಸಿದಾಗ ಮೊಣಕೈಯ ಹತ್ತಿರ ಒಂದು ಹೊಸ ಗಂಟು ಕಾಣಿಸಿತು, ಕಡಲೆಕಾಳಿನಷ್ಟು. ಅದರ ಮೇಲೆ ಒತ್ತದ ಹಾಗೆ ಪಟ್ಟಿ ಸುತ್ತಿದೆ. ಮೆಷಿನ್ ಗುರ್ರೆಂದಿತು.

ನೂರ ಐವತ್ತನಾಲ್ಕು, ನೂರು.

"ಅಮ್ಮ" ಎಂದ ಪೃಥ್ವಿ. ಮತ್ತೆ ಕನ್ನಡದಲ್ಲಿ, ಮಗುವಾಗಿದ್ದಾಗ ಆಡುತ್ತಿದ್ದ ಹಾಗೆ, "ನಂಗೆ ಹೆದ್ರಿಕೆ ಆಗ್ತದೆ" ಎಂದ.

"ನಂಗೂ ಆಗ್ತದೆ ಮಗ" ಎಂದೆ. ಪಟ್ಟಿಯನ್ನು ಬಿಚ್ಚದೆ, ಅವನ ತೋಳನ್ನು ಹಾಗೆಯೇ ಹಿಡಿದುಕೊಂಡು, ಇನ್ನೊಂದು ಕೈಯಿಂದ ವೇದಾಳಿಗೆ ಫೋನ್ ಹಚ್ಚಿದೆ. ಅವಳು ಎತ್ತಿದಳು. "ಹೇಳಿ ಆಂಟಿ, ಎಷ್ಟಿದೆ?" ಎಂದಳು.

ಇದ್ದಷ್ಟು ಹೇಳಿದೆ.